ನಾಯಿಮರಿಗೆ ಸೋಮವಾರದ ಗಡುವು

ಪ್ರಭುಸ್ವಾಮಿ ನಾಯಿಮರಿ ತಂದದ್ದು ನಾಯಿಯ ಮೇಲಿನ ಪ್ರೀತಿಯಿಂದಲ್ಲ. ಕೊಳ್ಳೇಗಾಲದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ ಮೇಲೆ ನೋಡಿದರೆ, ಬೆಳಗಿನ ವಾಕಿಂಗಿಗೆ ಆ ಬೀದಿಯಲ್ಲಿ ಬರಿಗೈಯಲ್ಲಿ ಹೋಗುವವನು ಅವನೊಬ್ಬನೇ. ಅದೇ ವಾರ ಮೈಸೂರಿಗೆ ಹೋಗಿ ಎರಡು ತಿಂಗಳ ಲ್ಯಾಬ್ರಡಾರ್ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದ. ಬ್ರೂನೋ ಎಂದು ಹೆಸರಿಟ್ಟ. ಅವನ ತಾಯಿ ಪುಟ್ಟಮಾದಮ್ಮನ ಬಾಯಲ್ಲಿ ಅದು ಮೊದಲ ದಿನವೇ ಬೂರ್ಣ ಆಯಿತು.

ಹೆಸರಿಟ್ಟವನು ಕಚೇರಿಗೆ ಹೋದ. ಉಚ್ಚೆ ಒರೆಸುವ ಕೆಲಸ ಹೆಂಡತಿ ರತ್ನಳ ಪಾಲಿಗೆ ಬಂತು. ಆದರೆ ಮೂರೇ ದಿನಕ್ಕೆ ಆ ಮರಿ ಅವಳ ಪಾದದ ಮೇಲೆ ಗದ್ದ ಊರಿ ಮಲಗುವುದನ್ನು ಕಲಿತುಬಿಟ್ಟಿತ್ತು. ಪಾದವನ್ನು ಎಳೆದುಕೊಳ್ಳಲು ರತ್ನಳಿಗೆ ಮನಸ್ಸು ಬರುತ್ತಿರಲಿಲ್ಲ. ಸಾರು ಉಕ್ಕಿ ಒಲೆ ಆರಿದರೂ ಸರಿಯೇ.

ಮರಿ ಮಾತ್ರ ಕಂಡಕಂಡಲ್ಲಿ ಉಯ್ಯುತ್ತಿತ್ತು. ಒಂದು ಸೋಮವಾರ ಬೆಳಗ್ಗೆ ಪುಟ್ಟಮಾದಮ್ಮ ಮಾದಪ್ಪನ ಪಟಕ್ಕೆ ಊದುಕಡ್ಡಿ ಹಚ್ಚಿ ತಿರುಗಿದರೆ, ದೇವರ ಕೋಣೆಯ ಹೊಸ್ತಿಲಲ್ಲೇ ಅದು ಹಿಂಗಾಲು ಬಗ್ಗಿಸಿ ನಿಂತಿತ್ತು.

"ಅಯ್ಯೋ ನನ್ನಪ್ಪ ಮಾದಪ್ಪ! ಸ್ವಾಮಾರ ಕಣ್ಲಾ ಪ್ರಭು, ಸ್ವಾಮಾರ! ಮುಂದಿನ್ ಸ್ವಾಮಾರದೊಳ್ಗೆ ಈ ಬೂರ್ಣ ಮನೆ ಒಳ್ಗೆ ಉಯ್ಯೋದ್ ಬಿಡ್ಬೇಕು. ಇಲ್ದಿದ್ರೆ ಅದು ಓಗ್ಬೇಕು, ಇಲ್ಲ ನಾ ನಮ್ಮೂರು ಮುಳ್ಳೂರ್ಗೆ ಒಂಟೋಗ್ಬೇಕು."

ಪ್ರಭುಸ್ವಾಮಿ ಅಲ್ಲೇ ನಿಂತು ಹನೂರಿನ ಸೋದರಮಾವ ಕೆಂಪನಂಜಪ್ಪನಿಗೆ ಫೋನು ಹಚ್ಚಿದ. ಕಾಡಂಚಿನಲ್ಲಿ ಜೋಳ ಹಾಕಿದ್ದ ಮಾವನಿಗೆ ಕಾವಲಿಗೆ ನಾಯಿ ಬೇಕಿತ್ತು.

"ಸ್ವಾಮಾರ ನಾನೇ ಬಂದು ತಕಂಡೋಯ್ತೀನಿ ಬುಡು," ಎಂದು ಸ್ಪೀಕರಿನಲ್ಲಿ ಅವನ ದನಿ ಖುಷಿಯಾಗಿ ಕೇಳಿತು. "ಎಷ್ಟ್ ನಾಯಿ ಕಟ್ಟುದ್ರೂ ಸಾಲ್ದು ಕಣಪ್ಪ. ಓದ್ ವರ್ಸ ಮೂರ್ ನಾಯಿನ ಚಿರ್ತೆ ಒತ್ಕಂಡೋಯ್ತು."

ರತ್ನ ಬಗ್ಗಿ ಮರಿಯ ಬೆನ್ನಿನ ಮೇಲೆ ಕೈಯಿಟ್ಟಳು. ಅವಳ ಪಾದದ ಮೇಲೆ ಬಂದು ಮಲಗಿದ್ದ ಅದು ಆಕಳಿಸಿತು.

ಅಂದಿನಿಂದ ಮನೆಯಲ್ಲಿ ತರಬೇತಿ ಶುರು. ಪ್ರಭುಸ್ವಾಮಿ ಮೊಬೈಲಿನಲ್ಲಿ ವಿಡಿಯೋ ನೋಡಿ ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. ಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತೋರುಬೆರಳು ಎತ್ತಿ, "ನೋ ಬ್ರೂನೋ, ನೋ," ಎಂದು ಕಚೇರಿಯಲ್ಲಿ ಅರ್ಜಿದಾರರಿಗೆ ಹೇಳುವ ದನಿಯಲ್ಲೇ ಹೇಳಿದ. ಅರ್ಜಿದಾರರಾದರೂ ಎದ್ದು ಹೋಗುತ್ತಿದ್ದರು, ಮರಿ ಅವನ ಬೆರಳು ನೆಕ್ಕಿತು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ಬಿಡದ ಗಂಡಸು ಒಂದೇ ವಾರದಲ್ಲಿ ನಾಯಿಗೆ ಶಿಸ್ತು ಕಲಿಸಲು ಹೊರಟಿದ್ದನ್ನು ರತ್ನ ನೆಲ ಒರೆಸುತ್ತ ನೋಡಿದಳು.

ಪುಟ್ಟಮಾದಮ್ಮನ ದಾರಿ ಬೇರೆ. ಪಕ್ಕದ ನಂಜಯ್ಯನ ಹಸುವಿನ ಗಂಜಲವನ್ನು ದಿನಾ ಬೆಳಗ್ಗೆ ಬಾಟಲಿಗೆ ಹಿಡಿಸಿ ತರುವಳು. ಮರಿ ಎಲ್ಲೆಲ್ಲಿ ಉಯ್ದಿತ್ತೋ ಅಲ್ಲಲ್ಲಿ ಮಾವಿನೆಲೆಯನ್ನು ಅದ್ದಿ ಅದ್ದಿ ಚಿಮುಕಿಸಿ, "ಸುದ್ದ ಆಯ್ತು," ಎನ್ನುವಳು. ಶುದ್ಧವಾದ ಅರ್ಧ ಗಂಟೆಗೆ ಮರಿ ಬಂದು ಮೂಸಿ, ಮತ್ತೆ ಅಲ್ಲೇ ಉಯ್ಯುವುದು. ಆಕೆ ಮತ್ತೆ ಬಾಟಲಿ ತರುವಳು. ಬುಧವಾರದ ಹೊತ್ತಿಗೆ ನಂಜಯ್ಯನ ಹಸುವೂ ಬೇಸತ್ತಿರಬೇಕು.

ಆ ದಿನ ಮಧ್ಯಾಹ್ನ ಪುಟ್ಟಮಾದಮ್ಮ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಮುಳ್ಳೂರಿಗೆ ಹೋದಳು. ರತ್ನ ಮನೆಯಿಡೀ ಸೋಪಿನ ನೀರಲ್ಲಿ ಉಜ್ಜಿ ತೊಳೆದು, ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಒರೆಸಿದಳು. ಗುರುವಾರ ಬೆಳಗ್ಗೆ ಮರಿ ಹಜಾರದಲ್ಲಿ ಎರಡು ಸುತ್ತು ಹಾಕಿತು, ನೆಲ ಮೂಸಿತು, ಏನೂ ಸಿಗಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಹೋಗಿ ಕುಂಯ್‌ಗುಟ್ಟಿತು. ಬಾಗಿಲು ತೆಗೆದದ್ದೇ ತಡ, ಓಡಿಹೋಗಿ ಪರಂಗಿ ಗಿಡದ ಬುಡದಲ್ಲಿ ಕೂತಿತು. ಸಂಜೆಯವರೆಗೂ ಒಳಗೆ ಒಂದು ತೊಟ್ಟೂ ಇಲ್ಲ.

ಸಂಜೆ ಬಂದ ಅತ್ತೆ ಎರಡು ದಿನದ ಬಾಕಿಯನ್ನೂ ಸೇರಿಸಿ ನಾಲ್ಕು ಕಡೆ ಗಂಜಲ ಚಿಮುಕಿಸಿದಳು. ಮರಿ ಸಾಲಾಗಿ ನಾಲ್ಕೂ ಕಡೆ ಉಯ್ದು ಬಂದು ಬಾಲ ಅಲ್ಲಾಡಿಸಿತು.

ನೆಲ ಒರೆಸುವ ಬಟ್ಟೆ ಹಿಡಿದು ಕೂತಿದ್ದ ರತ್ನಳಿಗೆ ಎಲ್ಲ ಹೊಳೆಯಿತು. ಪಾಪದ ಮರಿಗೆ ಏನು ಗೊತ್ತು? ಇನ್ಯಾರೋ ಉಚ್ಚೆ ಉಯ್ದ ವಾಸನೆ ಬಂದ ಕಡೆಯೇ ಉಚ್ಚೆ ಉಯ್ಯುವ ಜಾಗ ಎಂದುಕೊಂಡಿದೆ. ದೇವರ ಹೊಸ್ತಿಲಲ್ಲಿ ಅದಕ್ಕೆ ಕಕ್ಕಸು ಕಟ್ಟಿಕೊಟ್ಟವಳು ಅತ್ತೆಯೇ.

ಆದರೆ ಇದನ್ನು ಅತ್ತೆಯ ಮುಂದೆ ಹೇಳುವುದೆಂತು? ಗಂಜಲ ಪವಿತ್ರವಲ್ಲ, ಉಚ್ಚೆ ಎಂದು ಬಾಯಿ ಬಿಟ್ಟರೆ ಮರಿಯ ಜೊತೆ ತನ್ನನ್ನೂ ಹನೂರಿಗೆ ಸಾಗಿಸಿಯಾರು. ರಾತ್ರಿಯಿಡೀ ಮಗ್ಗುಲು ಬದಲಿಸಿದಳು. ಬೆಳಗ್ಗೆ ಅತ್ತೆಗೆ ಕಾಫಿ ಕೊಟ್ಟು ಪಕ್ಕದಲ್ಲೇ ಕೂತಳು.

"ಅತ್ತೆ, ನೀವು ದಿನಾ ಇಷ್ಟ್ ಸುದ್ದ ಮಾಡುದ್ರೂ ಮೈಲ್ಗೆ ನಿಲ್ತಿಲ್ವಲ್ಲ. ಅದು ಒಳ್ಗಡೆ ಉಟ್ಟುದ್ದಲ್ಲ ಅನ್ಸುತ್ತೆ. ಇತ್ಲು ಬಾಗ್ಲಿಂದ ಬರ್ತಾ ಇರ್ಬೋದು."

ಪುಟ್ಟಮಾದಮ್ಮ ಲೋಟ ಕೆಳಗಿಟ್ಟಳು. "ಇತ್ಲಿಂದ್ಲಾ?"

"ಬೇಲಿಯಾಚೆ ಯಾರ್ಯಾರೋ ಓಡಾಡ್ತಾರೆ. ಮೂಲ ಬುಟ್ಟು ಒಳ್ಗೆ ಚಿಮುಕ್ಸುದ್ರೆ ಏನ್ ಬಂತು? ಗಂಜ್ಲನೆಲ್ಲಾ ಆ ಪರಂಗಿ ಗಿಡದ ಸುತ್ತ ಉಯ್ದು ದಿಗ್ಬಂದನ ಮಾಡ್ಬುಟ್ರೆ? ಒಳ್ಗಡೆಗೆ ನಾನು ನಿಂಬೆಅಣ್ಣಿನ್ ನೀರಲ್ಲಿ ಒರುಸ್ತೀನಿ."

ನಿಂಬೆಹಣ್ಣಿನ ಹೆಸರು ಕೇಳಿ ಅತ್ತೆಯ ಮುಖ ಅರಳಿತು. "ನಾನೂ ಅದ್ನೇ ಅನ್ಕತಿದ್ದೆ ಕಣವ್ವ. ನೀ ಚಿಕ್ಕೋಳು, ನಿಂಗೆ ತಿಳಿಯಾಕಿಲ್ಲ ಅಂತ ಸುಮ್ಕಿದ್ದೆ."

"ನಂಗೇನ್ ಗೊತ್ತು ಅತ್ತೆ," ಎಂದಳು ರತ್ನ.

ಶುಕ್ರವಾರದಿಂದ ಬಾಟಲಿಗಟ್ಟಲೆ ಗಂಜಲ ಹಿತ್ತಲಿಗೆ ಹೋಯಿತು. ಮರಿಯೂ ಅದರ ಹಿಂದೆಯೇ ಹೋಯಿತು. ಶನಿವಾರ ಒಂದು ಸಲ ಸೋಫಾದ ಹತ್ತಿರ ತಪ್ಪಿತು. ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ರತ್ನ ಒರೆಸಿದಳು. ಭಾನುವಾರ ಅದೂ ಇಲ್ಲ.

ಸೋಮವಾರ ಹತ್ತು ಗಂಟೆಗೆ ಕೆಂಪನಂಜಪ್ಪ ಸರಪಳಿ ಹಿಡಿದು ಬಂದ. ಕಾಫಿ ಕುಡಿಯುತ್ತ ಕೂತಿದ್ದಾಗ ಮರಿ ಎದ್ದು ಮೈ ಮುರಿದು ನೇರವಾಗಿ ದೇವರ ಕೋಣೆಯತ್ತ ನಡೆಯಿತು. ಹೊಸ್ತಿಲು ಮೂಸಿತು. ಒಂದು ಸುತ್ತು ತಿರುಗಿತು. ರತ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಮರಿ ಸೀನಿ, ಹಿತ್ತಲ ಬಾಗಿಲಿಗೆ ಹೋಗಿ ಕೆರೆಯಿತು.

ಬಾಗಿಲು ತೆಗೆಯಲು ಮನೆಯ ಮೂವರೂ ಒಟ್ಟಿಗೆ ಎದ್ದರು.

"ನೋಡುದ್ರಾ ಮಾವ? ಟ್ರೈನಿಂಗು!" ಎಂದ ಪ್ರಭುಸ್ವಾಮಿ. "ಎಲ್ಲಾ ನಾಯಿಗೂ ಬುದ್ಧಿ ಇರ್ತದೆ, ಹೇಳ್ಕೊಡೋರು ಬೇಕು ಅಷ್ಟೆ."

"ನಿನ್ ತಲೆ! ದಿಗ್ಬಂದನ ಮಾಡಿದ್ದು ನಾನು," ಎಂದಳು ಪುಟ್ಟಮಾದಮ್ಮ.

ಕೆಂಪನಂಜಪ್ಪ ಸರಪಳಿ ಆಡಿಸಿದ. "ಅಂಗಾರೆ ನಂಗೆ ನಾಯಿ ಇಲ್ವಾಕ್ಕ?"

"ನಮ್ ಬೂರ್ಣನ್ನ ಕಾಡಂಚ್ಗೆ ಕೊಟ್ಟು ಚಿರ್ತೆ ಬಾಯ್ಗಾಕಾನಾ? ನಿಂಗೆ ಏನ್ಲಾ ಬಂದಿರೋದು, ಕರುಳಿಲ್ವಾ?" ಎಂದು ಪುಟ್ಟಮಾದಮ್ಮ ತಮ್ಮನ ಮೇಲೆ ಏರಿಹೋದಳು, ಅವನು ತಾನಾಗಿಯೇ ಕಳ್ಳತನಕ್ಕೆ ಬಂದವನೇನೋ ಎಂಬಂತೆ. ಕೆಂಪನಂಜಪ್ಪ ಸರಪಳಿ ಸುತ್ತಿ ಜೇಬಿಗೆ ಹಾಕಿಕೊಂಡ.

ರತ್ನ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಗೆದ್ದದ್ದು ತರಬೇತಿಯೋ ದಿಗ್ಬಂಧನವೋ ಎಂದು ತಾಯಿ ಮಗ ಜಗಳವಾಡುತ್ತಲೇ ಇದ್ದರು. ಅವಳು ಹೋಗಿ ಹಿತ್ತಲ ಬಾಗಿಲು ಮುಚ್ಚದಂತೆ ಕೆಳಗೊಂದು ಕಲ್ಲು ಇಟ್ಟು ಬಂದಳು.