ತೇಪೆ ಕಾಲ ಕಡೆಗೆ

ಸಣ್ಣ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಾವಿಬ್ಬರೇ. ನಾನು ಮೇಲ್ವಿಚಾರಕ, ಆಕೆ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕಿ ಮಡಚುವವಳು. ಹತ್ತು ವರ್ಷ ನಾನು ಬೈದೆ, ಆಕೆ ತಿರುಗಿಸಿ ಬೈದಳು. ಮನೆಯಲ್ಲಿ ನನ್ನನ್ನು ಬೈಯುವವರೂ ಇಲ್ಲ.

ಒಂದು ದಿನ ಆಕೆ, "ಅಣ್ಣಾ, ನಾನು ಕೆಲಸ ಬಿಡ್ತೀನಿ. ಯಾರಿಗೋಸ್ಕರ ಹೊಲೀತಿದೀನಿ ಅಂತಾನೇ ಗೊತ್ತಾಗಲ್ಲ," ಎಂದಳು.

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. "ಬಾ, ತೋರಿಸ್ತೀನಿ," ಎಂದು ಊಟದ ಬಿಡುವಿನಲ್ಲಿ ಮಕ್ಕಳ ವಾರ್ಡಿಗೆ ಕರೆದೊಯ್ದೆ.

ತೇಪೆ ಬೆನ್ನಿಗೆ ಒತ್ತಬಾರದೆಂದು, ಅದು ಕಾಲ ಕಡೆಗೆ ಬರುವಂತೆ ಆಕೆ ಮಡಚುತ್ತಿದ್ದಳು. ಇದನ್ನು ಮೇಲೆ ವಾರ್ಡಿನಲ್ಲಿ ಹಾಸುವವರಿಗೆ ನಾವು ಯಾವತ್ತೂ ಹೇಳಿರಲೇ ಇಲ್ಲ. ಅಲ್ಲಿ ಒಂದು ಮಗು ಸರಿಯಾಗಿ ತೇಪೆಯ ಮೇಲೆಯೇ ಬೆನ್ನಿಟ್ಟು ನರಳುತ್ತಿತ್ತು. ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಬೆಡ್‌ಶೀಟನ್ನು ತಿರುಗಿಸಿ ಹಾಸಿದಳು. ಮಲಗಿಸಿದ ಮೇಲೂ ಮಗು ಆಕೆಯ ಬೆರಳು ಬಿಡಲಿಲ್ಲ.

"ಯಾರಮ್ಮಾ ನೀನು? ನಮಗೆ ಇಲ್ಲಿ ಒಬ್ಬ ಆಯಾ ಬೇಕಿತ್ತು," ಎಂದರು ನರ್ಸ್.

ಮರುದಿನವೇ ಆಕೆ ವಾರ್ಡಿಗೆ ವರ್ಗ ಕೇಳುವ ಅರ್ಜಿ ತಂದಳು. "ಕರ್ಕೊಂಡು ಹೋಗಿದ್ದು ನೀವೇ ಅಲ್ವಾ ಅಣ್ಣಾ? ಈಗ ಮುಖ ಯಾಕೆ ಊದಿಸ್ಕೊಂಡಿದೀರಿ?"

"ನನ್ನ ಮುಖ ಇರೋದೇ ಹೀಗೆ," ಎಂದು ಸಹಿ ಹಾಕಿ ಕೊಟ್ಟೆ.

ಆಕೆ ಮೆಟ್ಟಿಲು ಹತ್ತಿ ಹೋದ ಮೇಲೆ, ಒಗೆಯಲು ಬಟ್ಟೆ ಇಲ್ಲದಿದ್ದರೂ ಒಂದು ಮೆಷಿನ್ ಓಡಿಸಿದೆ. ಸದ್ದಾದರೂ ಇರಲಿ ಎಂದು.