ತೆರಿಗೆ ಕಚೇರಿಗೆ ಹೋದ ಕೋಟು

ತೀರಿಕೊಂಡವನ ಹೆಸರಿನ ಗಣಾರಾಧನೆ ಮುಗಿಯಿತು. ನೆಂಟರು ಊರುಗಳಿಗೆ ಹೊರಟರು. ಅಡಿಗೆಗೆ ತಂದಿದ್ದ ಬಾಡಿಗೆ ಪಾತ್ರೆಗಳೂ ವಾಪಸ್ಸು ಹೋದವು. ಅದಾದ ಮೇಲಿನ ಮೊದಲ ಬೆಳಗ್ಗೆ ಮುನಿಲಕ್ಷ್ಮಮ್ಮ ಎಂದಿನಂತೆ ಹಾಲಿನ ಚೊಂಬು ಹಿಡಿದು ಹಿಂಬಾಗಿಲಿಗೆ ಬಂದರು. ಆ ಮನೆಯ ಒಡತಿ ಅವರೇ. ಜಯನಗರದ ಬಡಾವಣೆ ಬರುವ ಮುಂಚೆ ಅಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಈಗ ಹೊಲವಿರಲಿಲ್ಲ, ಬಾಡಿಗೆ ಮನೆಗಳಿದ್ದವು. ಹಿತ್ತಲಲ್ಲಿ ಹಸು ಮಾತ್ರ ಉಳಿದುಕೊಂಡಿತ್ತು.

“ಎಷ್ಟು ಹಾಕ್ಲವ್ವ? ಅಚ್ಚೇರಾ, ಪಾವಾ?”

ಸರ್ವಮಂಗಳಾ ಪಾತ್ರೆ ಹಿಡಿದು ನಿಂತಳು. ಗಂಡ ಮರುಳಸಿದ್ದಪ್ಪ ಇದ್ದಾಗ ಅಚ್ಚೇರು. ಒಬ್ಬಳಿಗೆ ಅದರಲ್ಲಿ ಅರ್ಧ, ಪಾವು ಸಾಕು. ಆದರೆ ಆ ಒಬ್ಬಳು ಈ ಮನೆಯಲ್ಲಿ ಇರುತ್ತಾಳೆಯೇ ಎಂಬುದೇ ಅವಳಿಗೆ ತಿಳಿದಿರಲಿಲ್ಲ.

“ಇವತ್ತು ಭಾವ ಇದ್ದಾರೆ. ಅಚ್ಚೇರು ಹಾಕಿ.”

“ಮುಂದಕ್ಕೆ?”

“ಹೇಳ್ತೀನಮ್ಮ.”

ಮುನಿಲಕ್ಷ್ಮಮ್ಮ ಹಾಲು ಅಳೆದು ಹುಯ್ದರು. ಅವರ ಕಣ್ಣು ಒಳಕೋಣೆಯ ಮೊಳೆಯ ಕಡೆ ಹೋಗಿ ಹಿಂದಕ್ಕೆ ಬಂತು. ಮೊಳೆಗೆ ಕರಿಯ ಉಣ್ಣೆಯ ಕೋಟು ತೂಗುಬಿದ್ದಿತ್ತು. ಅದು ಅವರ ಯಜಮಾನರು ಚಿಕ್ಕಬೈರಪ್ಪನವರದು. ಮುನಿಲಕ್ಷ್ಮಮ್ಮ ಚೊಂಬು ಎತ್ತಿಕೊಂಡು ಹೊರಟರು.

ಮಣ್ಣು ಮಾಡುವ ದಿನ ಹೆಣವನ್ನು ಸಿಂಗರಿಸುವಾಗ ಯಾರೋ ಆ ಕೋಟನ್ನು ಮೊಳೆಯಿಂದ ತೆಗೆದಿದ್ದರು. ಹೆಣದ ತೋಳು ಎತ್ತಿ ತೊಡಿಸಲು ಹೊರಟಾಗ ಸರ್ವಮಂಗಳಾ, “ಅದು ಅವರದಲ್ಲ,” ಎಂದಳು. ಆ ದಿನ ಅವಳ ಬಾಯಿಂದ ಬಂದದ್ದು ಅದೊಂದೇ ಮಾತು. ಅಳಲಿಲ್ಲವಲ್ಲ ಎಂದು ಹೆಂಗಸರು ಆಡಿಕೊಂಡರು.

ಮರುಳಸಿದ್ದಪ್ಪ ಸಣ್ಣ ಕಂಟ್ರಾಕ್ಟರು. ಎರಡು ವರ್ಷ ಜಯನಗರದಲ್ಲಿ ಒಂದರ ಹಿಂದೊಂದು ಮನೆ ಕಟ್ಟುವ ಕೆಲಸ ಸಿಕ್ಕಿತು. ಲೆಕ್ಕ ಇಡುವುದು ಮಾತ್ರ ಅವನಿಗೆ ಬೇಸರ. ನಾನು ಬರೆದಿಡುತ್ತೇನೆ, ಕಾಲೇಜಿನಲ್ಲಿ ಓದಿದ ನನ್ನ ಅರ್ಥಶಾಸ್ತ್ರ ಅದಕ್ಕಾದರೂ ಉಪಯೋಗಕ್ಕೆ ಬರಲಿ ಎಂದು ಅವಳು ಅಂದರೆ ನಗುತ್ತಿದ್ದ. ಆದಾಯ ತೆರಿಗೆಯವರು ವಿಚಾರಣೆಗೆ ಕರೆದಾಗ ಅವನು ಹೋಗಿ ಸಲಹೆ ಕೇಳಿದ್ದು ಚಿಕ್ಕಬೈರಪ್ಪನವರನ್ನು. ಅವರಿಗೆ ತಿಳಿದಿದ್ದ ತೆರಿಗೆಯೆಂದರೆ ಹೊಲದ ಕಂದಾಯ.

“ಕೋಟಿಲ್ದೆ ಹೋದ್ರೆ ಕಚೇರಿ ಬಾಗಿಲಲ್ಲೇ ನಿಲ್ಲಿಸ್ತಾರೆ ಕಣಪ್ಪ. ನಂದು ಹಾಕ್ಕೊಂಡು ಹೋಗು. ಕೈ ಮುಗಿ. ಈ ವರ್ಸ ಏನೂ ಕೈಗೆ ಹತ್ಲಿಲ್ಲ ಸ್ವಾಮಿ ಅನ್ನು. ನಮ್ಮಪ್ಪಂಗೆ ಮೂರು ಸಲ ಮಾಫಿ ಮಾಡವ್ರೆ.”

ಅವನು ಹಾಗೆಯೇ ಹೋಗಿ ಬಂದ. ಬಸ್ಸಿನ ನೂಕಾಟದಲ್ಲಿ ಕೋಟಿನ ಗುಂಡಿಯೊಂದು ಕಿತ್ತುಹೋಗಿತ್ತು. ಲೆಕ್ಕವಿಲ್ಲದ್ದರಿಂದ ಅಧಿಕಾರಿ ತಾವೇ ಒಂದು ಅಂದಾಜು ಹಾಕುತ್ತಾರಂತೆ ಎಂದು ಹೇಳಿದ. “ಉಣ್ಣೆ ಕೋಟು ಹಾಕ್ಕೊಂಡು ಏನೂ ಇಲ್ಲ ಸ್ವಾಮಿ ಅಂದೆ ಕಣೇ. ಅವರು ನನ್ನ ಮುಖ ನೋಡ್ಲಿಲ್ಲ, ಕೋಟನ್ನೇ ನೋಡಿದ್ರು.” ಇಬ್ಬರೂ ತುಂಬ ಹೊತ್ತು ನಕ್ಕರು. ಗುಂಡಿ ಹೊಲಿಸಿ ಹಿಂದಿರುಗಿಸಬೇಕು ಎಂದುಕೊಂಡು ಕೋಟನ್ನು ಮೊಳೆಗೆ ಹಾಕಿದ.

ತೆರಿಗೆ ಕಟ್ಟಬೇಕೆಂಬ ನೋಟೀಸು ಬರುವ ಹೊತ್ತಿಗೆ ಅವನಿಗೆ ಜ್ವರ ಹಿಡಿದಿತ್ತು. ಸಾವಿರದ ಎಂಟುನೂರು ರೂಪಾಯಿಯ ಮೇಲೆ ಚಿಲ್ಲರೆ. ಅವಳು ಓದಿ ಹೇಳಿದಾಗ ಅವನು, “ಎದ್ದ ಮೇಲೆ ನೋಡೋಣ,” ಎಂದ. ಅವಳು ಅದನ್ನು ವಿಭೂತಿ ತಟ್ಟೆಯ ಕೆಳಗಿಟ್ಟಳು. ಈಗ ಗಡುವು ಬರುವ ಸೋಮವಾರಕ್ಕೆ ಬಂದಿತ್ತು.

ಗಂಡನ ಅಣ್ಣ ಗುರುಬಸಪ್ಪನವರು ಸ್ನಾನ, ಪೂಜೆ ಮುಗಿಸಿ ಬಂದು ಆ ನೋಟೀಸನ್ನೇ ಎತ್ತಿಕೊಂಡು ಕೂತರು. ಅವರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ಅವರೇ ನೋಡಿಕೊಂಡಿದ್ದರು.

“ನೋಡು ಮಂಗಳಾ, ಇದನ್ನ ನಾನು ಒಟ್ಟಿಗೆ ಕಟ್ಟಿಬಿಡ್ತೀನಿ. ಯಡಿಯೂರು ಕೆರೆ ಹತ್ತಿರ ತಮ್ಮ ಕೊಂಡಿದ್ದ ಸೈಟನ್ನ ನಮ್ಮ ಹುಡುಗನ ಹೆಸರಿಗೆ ಬರೆದುಕೊಡು. ನೀನು ತಿಪಟೂರಿಗೆ ಬಂದ್ಬಿಡು. ನಮ್ಮ ಮನೆಯವಳಿಗೂ ಅಡಿಗೆಮನೆಯಲ್ಲಿ ಒಂದು ಜೊತೆ ಆಗುತ್ತೆ.”

ಅವಳಿಗೆ ತಿಪಟೂರಿನ ಆ ಅಡಿಗೆಮನೆ ಕಣ್ಣಿಗೆ ಕಟ್ಟಿತು. ಅದರಲ್ಲಿ ಅವಳ ವಯಸ್ಸು ಕಳೆದುಹೋಗುವುದೂ ಕಂಡಿತು. ಬೇಡ ಎನ್ನಲು ಬೇಕಾದಷ್ಟು ಶಕ್ತಿ ಅವಳಲ್ಲಿರಲಿಲ್ಲ. ಹೂಂ ಎನ್ನುವುದು ಸುಲಭವಾಗಿತ್ತು. ಆದರೂ ತ್ಯಾಗರಾಜನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯ ಜಾಗವೊಂದು ಖಾಲಿ ಇದೆಯೆಂದು ಕಾಲೇಜಿನ ಗೆಳತಿ ಹೇಳಿಕಳಿಸಿದ್ದಳು. ಆ ಮಾತು ಎಲ್ಲೋ ಮೂಲೆಯಲ್ಲಿ ಉಳಿದಿತ್ತು.

“ಕಚೇರಿಗೆ ಹೋಗಿ ಒಂದು ಸಲ ಕೇಳ್ಕೊಂಡು ಬರ್ತೀನಿ ಭಾವ.”

“ನೀನಾ? ಇನ್ನೂ ಹದಿನೈದು ದಿನ ಕಳೆದಿಲ್ಲ. ಹೊಸಿಲು ದಾಟಿದ್ರೆ ಜನ ಏನಂದಾರು?”

“ನಮ್ಮಲ್ಲಿ ಸೂತಕ ಇಲ್ಲ ಅಂತ ನೀವೇ ಹೇಳಿದ್ರಲ್ಲ.”

ಹೇಳಿದ್ದು ನಿಜ. ಮಣ್ಣು ಮಾಡಿ ಬಂದ ಸಂಜೆ ಒಳಗೆ ಬರಲು ಹಿಂಜರಿದ ಮುನಿಲಕ್ಷ್ಮಮ್ಮನಿಗೆ ಗುರುಬಸಪ್ಪನವರು ಬೀದಿಗೆಲ್ಲ ಕೇಳುವಂತೆ, “ಲಿಂಗ ಕಟ್ಟಿದವರಿಗೆ ಎಂಥ ಸೂತಕಮ್ಮ? ಧಾರಾಳವಾಗಿ ಬನ್ನಿ,” ಎಂದಿದ್ದರು. ಈಗ ನೋಟೀಸನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

“ಅದು ಬೇರೆ,” ಎಂದರು.

“ಏನು ಬೇರೆ ಭಾವ?”

ಅವರು ನೋಟೀಸನ್ನು ಮಡಿಸಿ ಅವಳ ಮುಂದಿಟ್ಟರು. “ಹೋಗಿ ಬಾ. ಶನಿವಾರ ನಾನು ಹೊರಡ್ತೀನಿ. ಅಷ್ಟರೊಳಗೆ ಒಂದು ಮಾತು ಹೇಳು,” ಎಂದರು.

ಮರುದಿನ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ ಅವಳು ಕಂಟೋನ್ಮೆಂಟ್ ಕಡೆಯ ಕಚೇರಿ ತಲುಪಿದಳು. ಗುಮಾಸ್ತರಾದ ಏಕಾಂತಯ್ಯ ಅವಳ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದರು.

“ಗಂಡಸರು ಯಾರೂ ಬಂದಿಲ್ವೇನಮ್ಮ?”

“ಬರಬೇಕಾಗಿದ್ದವರು ತೀರಿಕೊಂಡರು.”

ಏಕಾಂತಯ್ಯ ಕುರ್ಚಿ ಎಳೆದು ಕೊಟ್ಟರು. “ಹೆಸರು?”

“ಸರ್ವಮಂಗಳಾ.”

ಅವರ ಲೇಖನಿ ಒಂದು ಕ್ಷಣ ನಿಂತು ಮತ್ತೆ ಓಡಿತು. “ಮೊತ್ತ ಹೆಚ್ಚಾಯ್ತು ಅಂತ ಅಪೀಲು ಹೋಗೋಕೆ ಕಾಲ ಮೀರಿದೆಯಮ್ಮ. ಇನ್ನು ಕಟ್ಟೋದೇ. ಚಲನ್ ತುಂಬಿ ಬ್ಯಾಂಕಲ್ಲಿ ಕಟ್ಟಬೇಕು, ನಾವು ಇಲ್ಲಿ ಕೈಗೆ ದುಡ್ಡು ತಗೊಳ್ಳಲ್ಲ. ಯಜಮಾನರ ಚೆಕ್ ಪುಸ್ತಕ ಇದ್ರೆ ಅದನ್ನ ಮರೆತುಬಿಡಿ, ಅದಿನ್ನು ನಡೆಯಲ್ಲ. ಅವರು ಬಿಟ್ಟುಹೋದ ಆಸ್ತಿಯಿಂದ ಕಟ್ಟಿ. ನಿಮ್ಮ ತವರಿನ ಒಡವೆ ಯಾರೂ ಕೇಳೋ ಹಾಗಿಲ್ಲ, ಅದನ್ನ ಮಾರೋಕೆ ಹೋಗಬೇಡಿ.”

“ಒಟ್ಟಿಗೆ ಆಗದಿದ್ರೆ?”

“ಕಂತು ಕೇಳಿ ಅರ್ಜಿ ಕೊಡಿ. ಬಡ್ಡಿ ಬೀಳುತ್ತೆ. ಕೊಡೋದು ಬಿಡೋದು ಸಾಹೇಬರ ಇಷ್ಟ.”

ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ಸಾಲುಗಳು ಹೆಚ್ಚಿರಲಿಲ್ಲ. ಒಳಕೋಣೆಯಲ್ಲಿ ಅಧಿಕಾರಿ ಅದನ್ನು ಓದಿ ತಲೆಯೆತ್ತಿದರು.

“ಮರುಳಸಿದ್ದಪ್ಪ... ಒಳ್ಳೇ ಉಣ್ಣೆ ಕೋಟು ಹಾಕ್ಕೊಂಡು ಬಂದಿದ್ದವರಲ್ವಾ?”

“ಕೋಟು ಅವರದಲ್ಲ.”

ಆ ಮಾತು ಸರ್ವಮಂಗಳಾಳ ಬಾಯಿಂದ ಬಂದದ್ದು ಅದು ಎರಡನೆಯ ಸಲ. ಅಧಿಕಾರಿ ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಸೈಟು ಇದೆ ಅಂತ ಬರೆದಿದ್ದೀರಿ. ಅದನ್ನ ಮಾರಿದ್ರೆ ಒಂದೇ ದಿನದಲ್ಲಿ ತೀರುತ್ತಲ್ಲ?”

“ತೆರಿಗೆ ತೀರುತ್ತೆ ಸಾರ್. ಆಮೇಲೆ ನನಗೆ ಅಂತ ಇಲ್ಲಿ ಏನೂ ಉಳಿಯಲ್ಲ. ಭಾವನವರ ಮನೆಗೆ ಹೋಗಬೇಕು. ನಮ್ಮ ಯಜಮಾನರು ತಾರಸಿ ಹಾಕೋಕೆ ಇಟ್ಟಿದ್ದ ಸೆಂಟ್ರಿಂಗ್ ಹಲಗೆ ಇವೆ, ಅದನ್ನ ಮಾರಿ ಮೊದಲನೇ ಕಂತು ಕಟ್ತೀನಿ. ಮಿಕ್ಕಿದ್ದಕ್ಕೆ, ಅವರು ಕಟ್ಟಿಕೊಟ್ಟ ಮನೆಗಳಿಂದ ಬಾಕಿ ಬರೋದಿದೆ. ಅದು ಬರದಿದ್ರೆ ನನಗೊಂದು ಕೆಲಸ ಸಿಗೋ ಹಾಗಿದೆ.”

“ಸಿಗೋ ಹಾಗಿದೆ,” ಎಂದು ಅವರು ಅವಳ ಮಾತನ್ನೇ ತಿರುಗಿಸಿ ಹೇಳಿದರು. ಹಂಗಿಸಿದರೋ ಯೋಚಿಸಿದರೋ ತಿಳಿಯಲಿಲ್ಲ. “ಮೊದಲ ಕಂತು ಸೋಮವಾರ ಸಂದಾಯ ಆಗಲೇಬೇಕು. ತಪ್ಪಿದ್ರೆ ಇದು ರದ್ದು.” ಬರೆದು ಸಹಿ ಹಾಕಿದರು.

ಕಚೇರಿಯ ಮೆಟ್ಟಿಲ ಮೇಲೆ ಅವಳು ಕೊಂಚ ಹೊತ್ತು ಕೂತುಬಿಟ್ಟಳು. ಸಂತೋಷವೇನೂ ಆಗಲಿಲ್ಲ.

ಆ ಸಂಜೆಯೇ ಸಾರಕ್ಕಿಯ ಮೇಸ್ತ್ರಿಯೊಬ್ಬರು ಗಾಡಿ ತಂದು ಹಲಗೆಗಳನ್ನು ಹೇರಿಕೊಂಡರು. ಹಲಗೆಗಳಿಗೆ ಇನ್ನೂ ಸಿಮೆಂಟು ಮೆತ್ತಿತ್ತು. ಗುರುಬಸಪ್ಪನವರು ಜಗಲಿಯ ಮೇಲೆ ನಿಂತು ನೋಡಿದರು. ಚೌಕಾಸಿ ಮಾಡುವಾಗ ಮಾತ್ರ ಸುಮ್ಮನಿರಲಾಗದೆ ಕೆಳಗಿಳಿದು ಬಂದು ಮೇಸ್ತ್ರಿಯಿಂದ ಇನ್ನಷ್ಟು ದುಡ್ಡು ಬಿಡಿಸಿಕೊಟ್ಟರು. ಶನಿವಾರ ಹೊರಡುವಾಗ, “ಕಂತು ತಪ್ಪಿದ್ರೆ ಕಾಗದ ಬರಿ. ಹಟ ಮಾಡ್ಬೇಡ,” ಎಂದರು. ಸೈಟಿನ ಮಾತು ಎತ್ತಲಿಲ್ಲ.

ಸೋಮವಾರ ಅವಳು ಬ್ಯಾಂಕಿನ ಸಾಲಿನಲ್ಲಿ ನಿಂತು ದುಡ್ಡು ಕಟ್ಟಿ, ಮೊಹರು ಬಿದ್ದ ಚಲನ್ನಿನ ತುಂಡನ್ನು ಪರ್ಸಿನಲ್ಲಿಟ್ಟುಕೊಂಡಳು. ಬರುವಾಗ ಗಾಂಧಿ ಬಜಾರಿನಲ್ಲಿ ಇಳಿದು ಕರಿಯ ಗುಂಡಿಯೊಂದನ್ನು ಕೊಂಡಳು. ಮನೆಯಲ್ಲಿ ಕಿಟಕಿಯ ಹತ್ತಿರ ಕೂತು ಕೋಟಿಗೆ ಹೊಲಿದಳು. ಕೊರಳಪಟ್ಟಿಯಲ್ಲಿ ಅವನ ತಲೆಯ ಎಣ್ಣೆಯ ವಾಸನೆ ಇನ್ನೂ ಇತ್ತು. ಬ್ರಷ್ಷನ್ನು ಕೈಗೆ ತೆಗೆದುಕೊಂಡು, ಮತ್ತೆ ಕೆಳಗಿಟ್ಟು, ಆಮೇಲೆ ಉಜ್ಜಿದಳು.

ಅವಳು ಹಿತ್ತಲಿಗೆ ಹೋದಾಗ ಚಿಕ್ಕಬೈರಪ್ಪನವರು ಕೊಟ್ಟಿಗೆಯ ಮುಂದೆ ಕೂತಿದ್ದರು. ಕೋಟು ಕಂಡು ಎದ್ದು ನಿಂತರು.

“ಗೌಡ್ರೇ, ನಿಮ್ಮ ಕೋಟು. ತಡ ಆಯ್ತು.”

ಒಳಗಿಂದ ಬಂದ ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಹಿಡಿದರು. “ಸತ್ತೋರು ತೊಟ್ಟಿದ್ದು ಕಣವ್ವ... ಯಾರಿಗಾನ ಕೊಟ್ಬಿಡು.”

“ಸುಮ್ನಿರೇ,” ಎಂದರು ಚಿಕ್ಕಬೈರಪ್ಪನವರು. ಅವರ ಮುಖ ಬಾಡಿತ್ತು. “ನಾನು ಈ ಕೋಟು ಕೊಡ್ದಿದ್ರೆ ಅವ್ನಿಗೆ ಅಷ್ಟು ತೆರಿಗೆ ಬೀಳ್ತಿರ್ಲಿಲ್ಲ ಅಂತ ಒಂದೇ ಸಮ ಕೊರೀತೈತೆ ಕಣವ್ವ.”

“ಇದನ್ನ ನೆನೆಸಿಕೊಂಡು ಅವರು ತುಂಬ ನಕ್ಕಿದ್ರು ಗೌಡ್ರೇ.”

“ನಕ್ಕಿದ್ನಾ?”

“ನಾವಿಬ್ರೂ ನಕ್ಕಿದ್ವಿ.”

ಅವರು ಕಣ್ಣೊರೆಸಿಕೊಂಡರು. “ನಿನ್ನನ್ನ ಕೋಟಿಲ್ದೆ ಒಳಗೆ ಬಿಟ್ರಾ?”

“ಬಿಟ್ರು. ಕಂತು ಕೊಟ್ಟಿದ್ದಾರೆ. ನಾನು ಇಲ್ಲೇ ಇರ್ತೀನಿ. ಅಮ್ಮ, ನಾಳೆಯಿಂದ ಪಾವು ಹಾಲು ಸಾಕು.”

ಮುನಿಲಕ್ಷ್ಮಮ್ಮ ಸೆರಗು ಬಿಟ್ಟು ತಲೆಯಾಡಿಸಿದರು. ಚಿಕ್ಕಬೈರಪ್ಪನವರು ಎರಡೂ ಕೈ ಚಾಚಿದರು. ಸರ್ವಮಂಗಳಾ ಕೋಟನ್ನು ಆ ಕೈಗಳ ಮೇಲಿಟ್ಟಳು. ಅದು ಅಷ್ಟು ಭಾರವಿದೆಯೆಂದು ಅವಳಿಗೆ ಅನ್ನಿಸಿದ್ದು ಆಗಲೇ.