ಬಸ್ಸು ಪುಕ್ಕಟೆ, ಹೊತ್ತು ಪುಕ್ಕಟೆ ಅಲ್ಲ

ಕೋಡಿಬಾಗದ ಮಂದಾಕಿನಿಯ ಬಾಯಿ ಬಲು ಜೋರು. ಮೀನು ಪೇಟೆಯಲ್ಲಿ ಬಂಗಡೆಗೆ ಹತ್ತು ರೂಪಾಯಿಯಾದರೂ ಇಳಿಸದೆ ಎದ್ದು ಬಂದವಳಲ್ಲ. ಆದರೆ ತನ್ನ ಕೆಲಸದ ದರ ಹೇಳುವ ಹೊತ್ತಿಗೆ ಅದೇ ಬಾಯಿಗೆ ಬೀಗ ಬಿದ್ದುಬಿಡುತ್ತಿತ್ತು. "ಎಷ್ಟಾಯ್ತು ಮಂದಾಕಿನಿ?" ಎಂದು ಯಾರಾದರೂ ಕೇಳಿದರೆ ಸಾಕು, ಸೆರಗು ತಿರುಚುತ್ತಾ, "ನಮ್ಮವರೇ ಅಲ್ವಾ, ನೀವೇ ನೋಡಿ ಕೊಡಿ" ಅನ್ನುವಳು. ನೋಡಿ ಕೊಡುವವರು ಹೇಗೆ ಕೊಡುತ್ತಾರೆ, ನಿಮಗೂ ಗೊತ್ತಲ್ಲ! ಒಬ್ಬರು ಮುನ್ನೂರು ರೂಪಾಯಿಯ ಜೊತೆ ನಾಲ್ಕು ತೆಂಗಿನಕಾಯಿ ಕೊಟ್ಟರು. ಇನ್ನೊಬ್ಬರು ಚಾ ಕುಡಿಸಿ, ಒಂದು ರವಿಕೆ ಖಣ ಕೈಗಿಟ್ಟು, "ಬರ್ತಾ ಇರು" ಅಂದರು.

ಮಂದಾಕಿನಿ ಮತ್ತು ನೆರೆಮನೆಯ ನಾಗಿ ಸೇರಿ ಮನೆ, ಆಫೀಸು ಸ್ವಚ್ಛ ಮಾಡಿಕೊಡುವ ಕೆಲಸ ಶುರು ಮಾಡಿ ಕೆಲವು ತಿಂಗಳಾಗಿತ್ತು. ಅಂಗಳದ ಪಾಚಿ, ಗೋಡೆಯ ಬೂಸಲು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ. ಕಾರವಾರದಲ್ಲಿ ಕೊಳೆಗೆ ಬರವೇ? ಬರ ಇದ್ದದ್ದು ಇವರ ಕೈಯಲ್ಲಿ ಉಳಿಯುವ ದುಡ್ಡಿಗೆ.

ಚೌತಿಗೆ ಮುಂಚೆ ಹಣಕೋಣದ ಒಂದು ಮನೆಯ ಕೆಲಸ ಬಂತು. ಮನೆಯವರು ಮುಂಬೈಯಲ್ಲಿ. "ಮೂರೇ ಕೋಣೆ, ಎಷ್ಟು?" ಎಂದು ಫೋನಿನಲ್ಲೇ ಕೇಳಿದರು. ಅವತ್ತೊಂದು ದಿನ ಮಂದಾಕಿನಿಗೆ ಬಾಯಿ ಬಂತು ನೋಡಿ. ಮನೆ ನೋಡದೆ "ಎಂಟುನೂರು" ಅಂದುಬಿಟ್ಟಳು. ಬೀಗ ತೆಗೆದರೆ, ಅಯ್ಯಯ್ಯೋ! ಹೋದ ಚೌತಿ ಮುಗಿಸಿ ಮುಚ್ಚಿದ ಮನೆ ಅದು. ಅಟ್ಟದ ತುಂಬ ಬಾವಲಿ ಹಿಕ್ಕೆ, ಗೋಡೆಯೆಲ್ಲ ಕಪ್ಪು. ಇಬ್ಬರೂ ಸೇರಿ ಎರಡು ದಿನ ತಿಕ್ಕಿದರು. ಫಿನಾಯಿಲ್, ಆಸಿಡ್, ಪೊರಕೆ, ರಿಕ್ಷಾ ಎಲ್ಲ ಕಳೆದು ಇಬ್ಬರಿಗೂ ಸೇರಿ ಉಳಿದದ್ದು ನಾನೂರೈವತ್ತು ರೂಪಾಯಿ.

ಆಸಿಡ್ ತಾಗಿ ನಾಗಿಯ ಬೆರಳಿನ ಚರ್ಮ ಸುಲಿದಿತ್ತು. ಕೈಗೆ ಕೊಬ್ಬರಿ ಎಣ್ಣೆ ಸವರುತ್ತಾ ಅವಳು ಮೆಲ್ಲಗೆ ಹೇಳಿದಳು, "ವೈನಿ, ಬೇಜಾರ ಮಾಡ್ಕೊಬೇಡ. ಗೋವೆಯ ಕಾಣಕೋಣದಲ್ಲಿ ಒಂದು ಹೋಟೆಲಿನಲ್ಲಿ ಕೆಲಸ ಅದೆ ಅಂತ ನನ್ನ ಮೈದುನ ಕಿಶನ ಹೇಳ್ದ. ಸೋಮವಾರದಿಂದ ಹೋಗ್ತೆ."

ಮಂದಾಕಿನಿ ಮೂಲೆಯಲ್ಲಿದ್ದ ಏಣಿಯತ್ತ ನೋಡಿದಳು. ನಾಗಿ ಹೋದರೆ ಏಣಿ ಹಿಡಿಯುವವರು ಯಾರು? ಒಬ್ಬಳಿಂದ ನಡೆಯುವ ಕೆಲಸವಲ್ಲ ಇದು. ನಾಗಿ ಗೋವೆಗೆ ಹೊರಟ ದಿನವೇ ಇದಕ್ಕೆ ಬಾಗಿಲು ಹಾಕಬೇಕು.

"ಅಂಕೋಲೆಯ ಒಂದು ಆಫೀಸಿನವರು ಶುಕ್ರವಾರ ಕರ್ದಿದ್ದಾರೆ ಮಾರಾಯ್ತಿ. ತಿಂಗಳ ಲೆಕ್ಕದ ಕೆಲಸ. ಅಲ್ಲಿ ತನಕ ತಡಿ."

"ಮಾಡಿದ್ದಕ್ಕೆ ನೆಟ್ಟಗೆ ಕೂಲಿ ಸಿಕ್ಕಿದ್ರೆ ನಾನೆಂತಕೆ ಗೋವೆಗೆ ಓಡ್ಲಿ? ಆಯ್ತು, ಶುಕ್ರವಾರದ ತನಕ ನೋಡ್ತೆ," ಅಂದಳು ನಾಗಿ.

ಆ ಸಂಜೆ ಸ್ವಸಹಾಯ ಸಂಘದ ದೀಕ್ಷಾ ಮನೆಗೆ ಬಂದಳು. ಹೊಸದಾಗಿ ಉದ್ಯೋಗ ಶುರು ಮಾಡಿದ ಹೆಂಗಸರಿಗೆ ತರಬೇತಿ ಕೊಡುವ ಹುಡುಗಿ. ಮಂದಾಕಿನಿಯ ಗಂಡ ಹರಿಶ್ಚಂದ್ರ ಜಗಲಿಯಲ್ಲಿ ಕುಳಿತಿದ್ದ. ಬಂದರಿನಲ್ಲಿ ಪಗಾರದ ಕೆಲಸ ಅವನದು.

"ಅಂಕೋಲೆಯವರಿಗೆ ತಿಂಗಳಿಗೆ ನಾಲ್ಕು ಸಾವಿರ ಹೇಳು, ಸಾಕು," ಅಂದ ಹರಿಶ್ಚಂದ್ರ. "ವಾರಕ್ಕೆ ಎರಡು ದಿನದ ಕೆಲಸ. ಹೆಚ್ಚು ಕೇಳಿದ್ರೆ ಬೇರೆಯವರನ್ನ ಕರೀತಾರೆ."

"ನಂಗೂ ಹಾಂಗೇ ಕಾಣ್ತದೆ," ಅಂದಳು ಮಂದಾಕಿನಿ. "ಮೂರು ತಾಸಿನ ಕೆಲಸ. ಬಸ್ಸು ಹೆಂಗಸರಿಗೆ ಪುಕ್ಕಟೆ. ಖರ್ಚು ಎಂತದ್ದು?"

ದೀಕ್ಷಾ ನಕ್ಕಳು. "ಬಸ್ಸು ಪುಕ್ಕಟೆ ವೈನಿ. ನಿಮ್ಮ ಹೊತ್ತೂ ಪುಕ್ಕಟೆನಾ? ಅಂಕೋಲೆಗೆ ಹೋಗಿ ಬರೂಕೆ ಎರಡು ತಾಸು. ಆ ಎರಡು ತಾಸು ನಿಮಗೆ ಬೇರೆ ಮನೆ ಕೆಲಸ ಮಾಡೂಕೆ ಆಗ್ತದಾ?"

"ಬಸ್ಸಿನಲ್ಲಿ ಕೂತದ್ದಕ್ಕೂ ದುಡ್ಡು ಕೇಳೂದಾ? ನಗ್ತಾರೆ!" ಅಂದ ಹರಿಶ್ಚಂದ್ರ.

"ಹೌದಾ? ಹಡಗು ತಡ ಆಗಿ ನೀವು ಬಂದರಿನಲ್ಲಿ ಸುಮ್ಮನೆ ಕೂತ ದಿನ ಪಗಾರ ಬಿಡ್ತೀರಾ ದಾದಾ?"

ಮಂದಾಕಿನಿಗೆ ನಗು ತಡೆಯಲಾಗಲಿಲ್ಲ.

ದೀಕ್ಷಾ ಬೆರಳು ಮಡಚಿ ಲೆಕ್ಕ ಹಾಕಿದಳು. ಒಬ್ಬಳಿಗೆ ದಾರಿಯೂ ಸೇರಿ ಐದು ತಾಸು, ತಾಸಿಗೆ ಎಂಬತ್ತು ರೂಪಾಯಿ. ಇಬ್ಬರ ಕೂಲಿ ಎಂಟುನೂರು. ಫಿನಾಯಿಲ್, ಸಾಬೂನು, ಕೈಗವಸಿಗೆ ನೂರೈವತ್ತು. "ಇಲ್ಲಿಗೇ ನಿಲ್ಲಿಸಬೇಡಿ. ಬಕೆಟ್ಟು ಒಡೀತದೆ, ಒರೆಸೂ ಕೋಲು ಸವೀತದೆ, ಜ್ವರ ಬಂದು ಒಂದು ದಿನ ಮಲಗ್ತೀರಿ. ಅದಕ್ಕೊಂದು ನೂರೈವತ್ತು. ಒಂದು ಸಲಕ್ಕೆ ಸಾವಿರದ ನೂರು, ತಿಂಗಳಿಗೆ ಎಂಟು ಸಲ."

"ಎಂಟು ಸಾವಿರದ ಎಂಟುನೂರು!" ಮಂದಾಕಿನಿ ಕೆನ್ನೆಗೆ ಕೈ ಹಚ್ಚಿದಳು. "ಅಷ್ಟು ಹೇಳೂಕೆ ನಂಗೆ ಬಾಯಿ ಬರೂದಿಲ್ಲ. ಕಡಿಮೆ ಮಾಡಿ ಅಂದ್ರೆ?"

"ದರ ಇಳಿಸಬೇಡಿ, ಕೆಲಸ ಇಳಿಸಿ. ಇಷ್ಟು ದುಡ್ಡಿಗೆ ಇಷ್ಟು ಕೆಲಸ ಅಂತ ಮೊದಲೇ ಹೇಳಿ. ಜಗಳ ಆಗೂದಿಲ್ಲ. ಹಾಂ, ಜಾಗ ಪೂರ್ತಿ ನೋಡದೆ ಮಾತ್ರ ಬಾಯಿ ಬಿಡಬೇಡಿ."

ಹರಿಶ್ಚಂದ್ರ ತಾನೂ ಬೆರಳು ಮಡಚಿ ಲೆಕ್ಕ ಹಾಕಿ, "ಹಾಂಗಾದ್ರೆ ಹಣಕೋಣದಲ್ಲಿ ನೀವು ನಿಮ್ಮ ಕೂಲಿ ಬಿಟ್ಟು ಅವರ ಮನೆ ತೊಳ್ದ ಹಾಂಗಾಯ್ತಲ್ಲೇ," ಅಂದ. ಅವನ ದನಿಯಲ್ಲಿ ಸಿಟ್ಟಿತ್ತು, ಅದು ಹೆಂಡತಿಯ ಮೇಲಲ್ಲ.

ಶುಕ್ರವಾರ ಇಬ್ಬರೂ ಅಂಕೋಲೆಗೆ ಹೋದರು. ತೆರಿಗೆ ಲೆಕ್ಕ ನೋಡುವ ಆಫೀಸು, ಮಾಲೀಕರು ಅನಂತಪದ್ಮನಾಭ ಹೆಗಡೆಯವರು. ಮಂದಾಕಿನಿ ಮೊದಲು ಮೂಲೆ ಮೂಲೆ ನೋಡಿದಳು. ಶೌಚಾಲಯದ ಬಾಗಿಲು ತೆಗೆದು ನೋಡಿದಳು, ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತಳು.

"ಎಷ್ಟಾಗ್ತದೆ?" ಎಂದು ಕೇಳಿದರು ಹೆಗಡೆಯವರು.

ಹಳೆಯ ಚಟ ಎಲ್ಲಿ ಬಿಡುತ್ತದೆ! "ನೀವೇ ನೋಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಪಕ್ಕದಲ್ಲಿ ನಾಗಿ ಸುಲಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅದು ಮಂದಾಕಿನಿಯ ಕಣ್ಣಿಗೆ ಬಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತು, "ತಿಂಗಳಿಗೆ ಎಂಟು ಸಾವಿರದ ಎಂಟುನೂರು," ಅಂದಳು.

"ಇನ್ನೊಬ್ಬರು ಆರೂವರೆ ಸಾವಿರ ಹೇಳಿದ್ದಾರಲ್ಲ?"

"ಹೇಳಿರಬಹುದು. ಅವರು ಎಂತೆಂತ ಮಾಡ್ತಾರೆ ಅಂತ ಕೇಳ್ಕೊಳ್ಳಿ. ನಾವು ಇಬ್ಬರು ಬರ್ತೇವೆ, ಸಾಮಾನು ನಮ್ಮದೇ, ನೆಲ, ಗಾಜು, ಶೌಚಾಲಯ ಎಲ್ಲ ಎರಡೂ ದಿನ. ನಿಮಗೆ ಅಷ್ಟು ಬೇಡ ಅಂದ್ರೆ ಮಂಗಳವಾರ ಒಬ್ಬಳೇ ಬಂದು ನೆಲ, ಶೌಚಾಲಯ ಮಾತ್ರ ಮಾಡ್ತಾಳೆ. ಶನಿವಾರ ಇಬ್ಬರೂ ಬಂದು ಪೂರ್ತಿ ಮಾಡ್ತೇವೆ. ಹಾಂಗಾದ್ರೆ ಆರು ಸಾವಿರದ ಎಂಟುನೂರು. ಅದಕ್ಕಿಂತ ಕೆಳಗೆ ನಮಗೆ ಪೂರೈಸೂದಿಲ್ಲ ಸಾರ್."

ಮೇಲೊಂದು "ಆದ್ರೂ ನೋಡಿ" ಸೇರಿಸಲಿಲ್ಲ.

"ಆರು ಸಾವಿರದ ಎಂಟುನೂರರದ್ದು ಸರಿ ಉಂಟು," ಅಂದರು ಹೆಗಡೆಯವರು. "ಯಾವ ದಿನ ಎಂತ ಕೆಲಸ ಅಂತ ಗೊತ್ತಿದ್ರೆ ನಮಗೂ ಹಗುರ. ಮಂಗಳವಾರವೇ ಶುರು ಮಾಡಿ."

ಮಾತಾದದ್ದನ್ನೆಲ್ಲ ಮಂದಾಕಿನಿ ಅಲ್ಲೇ ಅವರ ವಾಟ್ಸಾಪಿಗೆ ಕಳಿಸಿದಳು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತಳು. "ಇನ್ನು ಹಳೆ ಮನೆಯವರಿಗೂ ಇದೇ ಲೆಕ್ಕ ಹೇಳ್ತೆ ನಾಗಿ. ಒಬ್ಬಿಬ್ಬರು ಗಿರಾಕಿ ಬಿಟ್ಟು ಹೋದ್ರೂ ಹೋಗ್ಲಿ," ಅಂದಳು.

ನಾಗಿ ಫೋನು ತೆಗೆದು ಮೈದುನನಿಗೆ ಹಚ್ಚಿದಳು. "ಕಿಶನ, ಹೋಟೆಲಿನವರಿಗೆ ಹೇಳಿಬಿಡು, ನಾ ಬರೂದಿಲ್ಲ. ಇಲ್ಲೇ ಕೆಲಸ ಅದೆ."

"ಯಾರ ಹತ್ರ?" ಎಂದು ಅತ್ತಲಿಂದ ಕೇಳಿದ.

"ಯಾರ ಹತ್ರ ಅಂದ್ರೆ? ನಮ್ಮ ಹತ್ರವೇ!" ಅಂದಳು ನಾಗಿ. ಅಷ್ಟು ಗಟ್ಟಿಯಾಗಿ ಅಂದಳೆಂದರೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮಂದಾಕಿನಿಗೆ ಅಳು ಬಂತು, ನಗುವೂ ಬಂತು.

ಅಕ್ಕಂದಿರೇ, ತಂಗಿಯರೇ, ನೀವೂ ಇಂಥದ್ದೊಂದು ಕೆಲಸ ಶುರು ಮಾಡಿದ್ದೀರಾ? ಹಾಗಾದರೆ ಜಾಗ ಕಣ್ಣಾರೆ ನೋಡಿದ ಮೇಲೆಯೇ ದರ ಹೇಳಿ. ದಾರಿಯ ಹೊತ್ತು, ಸಾಮಾನಿನ ಸವಕಳಿ, ಜೊತೆಗಾತಿಯ ಕೂಲಿ ಯಾವುದನ್ನೂ ಬಿಡಬೇಡಿ, ನಿಮ್ಮ ಕೂಲಿಯನ್ನಂತೂ ಬಿಡಲೇಬೇಡಿ. ಚೌಕಾಶಿ ಬಂದರೆ ಕೆಲಸ ಕಡಿಮೆ ಮಾಡಿ ಕೊಡಿ, ನಿಮ್ಮ ಬೆಲೆ ಕಡಿಮೆ ಮಾಡಬೇಡಿ. ಹೇಳಲು ಬಾಯಿ ಬರುವುದಿಲ್ಲವೇ? ಇವತ್ತೇ ಲೆಕ್ಕ ಹಾಕಿ, ನಿಮ್ಮ ದರವನ್ನು ಮನೆಯವರ ಎದುರಿಗೆ ಒಮ್ಮೆ ಗಟ್ಟಿಯಾಗಿ ಹೇಳಿ. ನಾಳೆ ಗಿರಾಕಿಯ ಎದುರಿಗೆ ಅದು ತಾನಾಗಿ ಬರುತ್ತದೆ.